ಭಾವನ ಜಾತಿನಾಯಿ

ನನ್ನ ಗಂಡನ ಅಣ್ಣ ತನ್ನೂರು ರನ್ನಬೆಳಗಲಿಯ ಹೊಲದ ಮನೆಯಲ್ಲಿ ಒಂದು ಮುಧೋಳ ನಾಯಿ ಸಾಕಿದ್ದ. ಬೀಗರು ಬಂದರೂ, ಗೊಬ್ಬರ ಮಾರುವವನು ಬಂದರೂ ಅದರ ಅಜ್ಜ ಯಾರು, ಮುತ್ತಜ್ಜ ಯಾರು ಎಂದು ಹೇಳಿ ಮುಗಿಸದೆ ಚಹಾ ತರಿಸುತ್ತಿರಲಿಲ್ಲ. ಹೆಮ್ಮೆಯೆಲ್ಲ ಅವನದು. ನಾಯಿಗೆ ನೀರಿಟ್ಟು, ರೊಟ್ಟಿ ಮುರಿದು ಹಾಕುತ್ತಿದ್ದವಳು ಅವನ ಹೆಂಡತಿ.

ಅದು ಮರಿ ಹಾಕಿದ ಸುದ್ದಿ ಕೇಳಿ ಜಮಖಂಡಿಯಿಂದ ಬಸ್ಸು ಹತ್ತಿ ನೋಡಲು ಹೋದೆ. ಕೊಟ್ಟಿಗೆಯಲ್ಲಿ ತಾಯಿಯ ಹೊಟ್ಟೆಗೆ ಮರಿಗಳು ಅಂಟಿಕೊಂಡಿದ್ದವು. ಒಂದು ಮಾತ್ರ ದೂರದಲ್ಲಿ, ಬರೀ ಕಲ್ಲಿನ ಮೇಲೆ ಬಿದ್ದಿತ್ತು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮೈತುಂಬ ಕಪ್ಪು ಪಟ್ಟೆ.

"ಇದನ್ನ ಯಾಕ ಬ್ಯಾರೆ ಇಟ್ಟೀರಿ ಭಾವಾರ?"

"ಮೈಮ್ಯಾಲಿನ ಪಟ್ಟೆ ನೋಡು, ಜಾತಿ ಕೆಟ್ಟೈತಿ ಅದು. ಯಾವುದೋ ಬೀದಿ ನಾಯಿದು ಇರಬೇಕು. ಮಂದಿ ನೋಡಿದ್ರ ನನ್ನ ಮರ್ಯಾದಿ ಏನಾಗಬೇಕು? ಕಾಲುವಿಗೆ ಒಗಿಯಾಕ ಹೇಳೇನಿ."

ಹೆತ್ತ ನಾಯಿಗಿಲ್ಲದ ನಾಚಿಕೆ ಇವನಿಗೆ! ನಾನು ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಭಾವ ನಕ್ಕ. "ಒಯ್ಯಿ ತಂಗಿ, ಒಯ್ಯಿ. ಅದೇನ್ ಬದುಕೂದಲ್ಲ."

ಜಮಖಂಡಿಯಲ್ಲಿ ಇಳಿದವಳೇ ದನದ ಡಾಕ್ಟರ ಬಳಿ ಹೋದೆ. "ಮೈ ತಣ್ಣಗ ಇರೂತನಕ ಹಾಲು ಹಾಕಬ್ಯಾಡ್ರಿ, ದಕ್ಕಂಗಿಲ್ಲ. ಮೊದಲ ಬೆಚ್ಚಗ ಮಾಡ್ರಿ," ಎಂದರು. ಬಾಟಲಿಗೆ ಬಿಸಿನೀರು ತುಂಬಿ, ಹಳೆಯ ಸೀರೆ ಸುತ್ತಿ ಮರಿಯ ಮಗ್ಗುಲಿಗಿಟ್ಟೆ. ಅದು ಮಿಸುಕಾಡಿದ ಮೇಲೆ, ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಿಂದ ಹನಿಹನಿಯಾಗಿ ಕುಡಿಸಿದೆ. ಪ್ರತಿ ಸಲ ಕುಡಿಸಿದ ಮೇಲೂ ಒದ್ದೆ ಅರಳೆಯಿಂದ ಹೊಟ್ಟೆಯ ಕೆಳಗೆ ಒರೆಸಬೇಕು. ತಾಯಿ ನೆಕ್ಕದಿದ್ದರೆ ಅಷ್ಟು ಚಿಕ್ಕ ಮರಿಗೆ ಉಚ್ಚೆಯೂ ಆಗುವುದಿಲ್ಲ. ತನ್ನ ಮಕ್ಕಳ ಉಚ್ಚೆಬಟ್ಟೆಯನ್ನೇ ಎಂದೂ ಮುಟ್ಟದ ನನ್ನ ಗಂಡ ಬಾಗಿಲಲ್ಲಿ ನಿಂತು, "ಇಷ್ಟೆಲ್ಲಾ ಬೇಕೇನ?" ಎಂದ. ಅಣ್ಣ ತಮ್ಮ ಒಂದೇ ತಳಿ.

ಭಾವ ಆಗಾಗ ಫೋನು ಮಾಡಿ "ಹೋತೇನ?" ಎಂದು ಕೇಳುತ್ತಿದ್ದ. ಇಲ್ಲ ಎಂದರೆ ಅವನ ದನಿ ಇಳಿಯುತ್ತಿತ್ತು.

ಮರಿ ಕಣ್ಣು ಬಿಟ್ಟಿತು, ನಡೆಯಿತು, ಬೆಳೆಯಿತು. ಉದ್ದ ಕಾಲು, ಹಿಡಿಯಷ್ಟು ಸೊಂಟ. ಓಡತೊಡಗಿದರೆ ಓಣಿಯವರು ನಿಂತು ನೋಡುತ್ತಿದ್ದರು. ಆ ಸುದ್ದಿಯೂ ಬೆಳಗಲಿ ಮುಟ್ಟಿರಬೇಕು. ಒಂದು ದಿನ ಭಾವ ಕಾರಿನಲ್ಲಿ ಇಬ್ಬರು ಅತಿಥಿಗಳನ್ನು ಕರೆತಂದ.

"ನಮ್ಮನಿ ರಕ್ತರೀ ಇದು. ನಾನ ಇವರಿಗೆ ಸಾಕಾಕ ಕೊಟ್ಟಿದ್ದೆ. ಇನ್ನ ಒಯ್ತೇನಿ."

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಬೈಯಲು ಬಾಯಿ ತೆರೆದವಳು ನಾಯಿಯನ್ನು ಹತ್ತಿರಕ್ಕೆಳೆದುಕೊಂಡೆ. ಅಂಥವನಿಗೆ ಬೈಗುಳವೂ ದಂಡ.

"ಫೋಟೊ ಬೇಕಾದ್ರ ತೆಗಿಸಿಕೊಳ್ರಿ ಭಾವಾರ. ನಾಯಿ ಕೊಡಂಗಿಲ್ಲ."

ಅತಿಥಿಗಳು ನೆಲ ನೋಡಿದರು. ಸಿಟ್ಟಾಗಿ ಹೊರಟುಹೋಗುತ್ತಾನೆ ಎಂದುಕೊಂಡಿದ್ದೆ. ಅಷ್ಟು ಮಾನವೂ ಅವನಲ್ಲಿರಲಿಲ್ಲ. ಅಂಗಿ ಸರಿಮಾಡಿಕೊಂಡು, ನಾಯಿಯ ಕೊರಳಪಟ್ಟಿ ಹಿಡಿದು, ಹೊಟ್ಟೆ ಒಳಗೆಳೆದು ನಿಂತ. ಆ ಫೋಟೊ ಇವತ್ತಿಗೂ ಅವನ ವಾಟ್ಸಾಪಿನಲ್ಲಿದೆ. ನಾಯಿ ಚೆನ್ನಾಗಿ ಬಂದಿದೆ.