ಶೈಲಜಮ್ಮನ ಎಡಗೈ

ನಗರ್ತಪೇಟೆಯ ಅಂಗಡಿಯಲ್ಲಿ ಅರ್ಧ ಕಟ್ಟಿದ ಬಾಸಿಂಗ ನೆಲಕ್ಕೆ ಬಿದ್ದಾಗ ಶೈಲಜಮ್ಮ ಬೈದದ್ದು ನಾದಿನಿಯನ್ನು.

"ಯಾಕೆ ಕಿತ್ಕೊಂಡೆ ಮಹಾನಂದ? ಅಂಟು ಇನ್ನೂ ಒಣಗಿಲ್ಲ."

ಮಹಾನಂದ ಅಂಗಡಿಯ ಇನ್ನೊಂದು ಮೂಲೆಯಲ್ಲಿ ಗಿರಾಕಿಗೆ ಮದುಮಗನ ಪೇಟ ತೋರಿಸುತ್ತಿದ್ದರು. ತಿರುಗಿ ನೋಡಿದರೆ ಅತ್ತಿಗೆಯ ತುಟಿಯ ಎಡಭಾಗ ಜೋತುಬಿದ್ದಿತ್ತು. ಎಡಗೈ ಮಡಿಲಲ್ಲಿ ಬಟ್ಟೆಯ ಹಾಗೆ ಬಿದ್ದಿತ್ತು. ಆ ಗಲ್ಲಿಯೊಳಗೆ ಆಂಬುಲೆನ್ಸ್ ನುಗ್ಗುವುದಿಲ್ಲ. ಸಾಮಾನು ಇಳಿಸಿ ನಿಂತಿದ್ದ ಆಟೊದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು.

ಶೈಲಜಮ್ಮನಿಗೆ ಅರವತ್ತು ದಾಟಿದೆ. ತವರು ತಿಪಟೂರು. ಗಂಡ ನಂಜುಂಡಯ್ಯನವರ ಮನೆ ಇರುವುದು ಚಾಮರಾಜಪೇಟೆಯಲ್ಲಿ, ಮದುವೆ ಸಾಮಾನಿನ ಅಂಗಡಿ ನಗರ್ತಪೇಟೆಯಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಕೈಗೆ ಕೊಟ್ಟದ್ದು ಬಾಸಿಂಗದ ಬೆಂಡು ಮತ್ತು ಜರಿ. ಬಾಸಿಂಗ ಕಟ್ಟುವಾಗ ಬಲಗೈ ಮಣಿ ಅಂಟಿಸುತ್ತದೆ, ಎಡಗೈ ಸುಮ್ಮನೆ ಹಿಡಿದಿರುತ್ತದೆ. ಕಷ್ಟದ ಕೆಲಸ ಆ ಹಿಡಿಯುವುದೇ. ಶೈಲಜಮ್ಮ ಹಿಡಿದದ್ದು ಅಲುಗುತ್ತಿರಲಿಲ್ಲ, ಆದ್ದರಿಂದ ಅವರು ಕಟ್ಟಿದ ಬಾಸಿಂಗ ವಾರೆಯಾಗುತ್ತಿರಲಿಲ್ಲ.

ಎಡಗೈಗೆ ಇನ್ನೊಂದು ಕೆಲಸವಿತ್ತು. ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ನೀರು ಹಾಕಿ, ವಿಭೂತಿ ಹಚ್ಚಿ, ಪತ್ರೆ ಏರಿಸಿ ಪೂಜೆ ಮಾಡುತ್ತಿದ್ದರು. ಪೂಜೆಯಾಗದೆ ಕಾಫಿಯೂ ಇಲ್ಲ. ಲಿಂಗ ಕೂರುವುದು ತನ್ನ ಅಂಗೈಯ ಮೇಲೆ ಮಾತ್ರ, ಬೇರೆಯವರ ಅಂಗೈಯ ಮೇಲಲ್ಲ. ಈ ಎರಡು ಮಾತಿನಲ್ಲಿ ಅವರು ಯಾವತ್ತೂ ಸಡಿಲ ಬಿಟ್ಟವರಲ್ಲ. ಹೆರಿಗೆಯಾದಾಗಲೂ ಇಲ್ಲ, ಟೈಫಾಯಿಡ್ ಬಂದಾಗಲೂ ಇಲ್ಲ.

ಆಸ್ಪತ್ರೆಯಲ್ಲಿ ಪ್ರಜ್ಞೆ ತಿಳಿಯಾದ ಮೇಲೆ ನರರೋಗ ತಜ್ಞೆ ಡಾ. ಆರಾಧನಾ ಶೈಲಜಮ್ಮನ ಎಡಗೈಯನ್ನು ಎತ್ತಿ ಕಣ್ಣೆದುರು ಹಿಡಿದರು.

"ಇದು ಯಾರ ಕೈ, ಅಮ್ಮಾ?"

"ಮಹಾನಂದಂದು."

"ಬೆರಳಲ್ಲಿ ಉಂಗುರ ಇದೆಯಲ್ಲ?"

"ಉಂಗುರ ನಂದು. ನಮ್ಮಪ್ಪ ಮಾಡಿಸ್ಕೊಟ್ಟಿದ್ದು. ಇವಳು ಯಾಕ್ ಹಾಕ್ಕೊಂಡಿದಾಳೋ ಅವಳನ್ನೇ ಕೇಳಿ."

ಮಹಾನಂದ ಗಾಬರಿಯಾಗಿ ತಮ್ಮ ಎರಡೂ ಕೈ ಚಾಚಿದರು. "ಅತ್ತಿಗೆ, ನೋಡಿ ಇಲ್ಲಿ. ನನ್ನ ಎರಡೂ ಕೈ ನನ್ ಹತ್ರಾನೇ ಇವೆ."

"ಇದ್ರೆ ಸಂತೋಷ. ಮನೆಗೆ ಹೋಗೋವಾಗ ಇದನ್ನೂ ತಗೊಂಡ್ಹೋಗು. ನಂಗೆ ಮಲಗಕ್ಕೇ ಜಾಗ ಸಾಲ್ತಿಲ್ಲ."

ಪಕ್ಕದ ಹಾಸಿಗೆಯವರು ನಕ್ಕರು. ಮಹಾನಂದ ಹೊರಗೆ ಹೋದರು. ಹುಚ್ಚಿನ ಮಾತಾಗಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಶೈಲಜಮ್ಮನಿಗೆ ವಾರ ಗೊತ್ತಿತ್ತು, ಯಾವ ಮದುವೆಗೆ ಎಷ್ಟು ಜೊತೆ ಬಾಸಿಂಗ ಬಾಕಿಯಿದೆ ಎಂದು ಗೊತ್ತಿತ್ತು, ನಾದಿನಿಯ ಸೀರೆ ಮಾಸಿದೆ ಎನ್ನುವುದೂ ಗೊತ್ತಿತ್ತು. ಗೊತ್ತಿಲ್ಲದ್ದು ಆ ಕೈ ಒಂದೇ.

ಡಾಕ್ಟರು ನಂಜುಂಡಯ್ಯನವರಿಗೆ ಸ್ಕ್ಯಾನ್ ತೋರಿಸಿದರು. ಮಿದುಳಿನ ಬಲಭಾಗದಲ್ಲಿ ರಕ್ತನಾಳ ಕಟ್ಟಿಕೊಂಡಿದೆ. ಕೈಯನ್ನು ಆಡಿಸುವ ಜಾಗಕ್ಕೆ ಪೆಟ್ಟಾಗಿದೆ, ಅದರ ಜೊತೆಗೆ ಈ ಕೈ ನನ್ನದು ಎಂದು ತಿಳಿಸುವ ಜಾಗಕ್ಕೂ ಪೆಟ್ಟಾಗಿದೆ.

"ನಂದು ಅನ್ನೋದಕ್ಕೂ ತಲೇಲಿ ಒಂದು ಜಾಗ ಇದ್ಯಾ, ಡಾಕ್ಟ್ರೇ?" ಎಂದರು ನಂಜುಂಡಯ್ಯ.

"ಒಂದೇ ಜಾಗ ಅಂತ ಹೇಳಕ್ಕಾಗಲ್ಲ, ಯಜಮಾನ್ರೇ. ಆದ್ರೆ ಅದು ನಡೆಯೋದು ಅಲ್ಲೇ. ಬಹಳ ಜನಕ್ಕೆ ಕೆಲವು ವಾರದಲ್ಲಿ ಸರಿ ಹೋಗುತ್ತೆ. ಕೈಗೆ ಬಲ ಬರುತ್ತೋ ಇಲ್ವೋ, ಅದು ಬೇರೆ ಮಾತು."

ನಂಜುಂಡಯ್ಯ ತಲೆಯಾಡಿಸಿದರು, ಒಪ್ಪಲಿಲ್ಲ. ಮಿದುಳು ಏನನ್ನಾದರೂ ಮರೆಯಲಿ, ಲಿಂಗ ಹಿಡಿದ ಕೈಯನ್ನು ಮರೆಯುವುದುಂಟೇ? ಲಿಂಗ ಬಂದು ಕೂತರೆ ಕೈ ತಾನಾಗಿ ನೆನಪಾಗುತ್ತದೆ ಎಂದುಕೊಂಡರು. ಮರುದಿನ ಬೆಳಿಗ್ಗೆ ಪತ್ರೆ, ವಿಭೂತಿ ತಂದು ಹಾಸಿಗೆಯ ಪಕ್ಕ ಕೂತರು. ಶೈಲಜಮ್ಮ ಬಲಗೈಯಿಂದ ತಾವೇ ಕರಡಿಗೆ ತೆರೆದು ಲಿಂಗ ತೆಗೆದರು. ಅಭ್ಯಾಸದಂತೆ ಕಣ್ಣು ಮುಚ್ಚಿದರು. ಗಂಡ ಅವರ ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಅಂಗೈ ಬಿಡಿಸಿ ಹಿಡಿದರು, ಬಲಗೈಯನ್ನು ಮೆಲ್ಲಗೆ ಅಲ್ಲಿಗೆ ತಂದರು. ಲಿಂಗ ಕೂತಿತು.

ಶೈಲಜಮ್ಮ ಕಣ್ಣು ಬಿಟ್ಟರು. ವಾರ್ಡಿನ ಆಚೆ ತುದಿಯಿಂದ ನರ್ಸ್ ಓಡಿಬರುವಂತೆ ಕಿರುಚಿದರು.

"ಯಾರ್ ಕೈಲಿ ಇಡಿಸಿದ್ರಿ? ನನ್ ಲಿಂಗಾನ ಯಾರ್ ಕೈಲಿ ಇಡಿಸಿದ್ರಿ, ಪಾಪಿ?"

ಗಂಡನನ್ನು ಅವರು ಹಾಗೆ ಕರೆದದ್ದು ಅದೇ ಮೊದಲು. ಬಲಗೈಯಿಂದ ಲಿಂಗವನ್ನು ಕಿತ್ತು ಸೆರಗಿನಲ್ಲಿ ಒರೆಸಿದರು, ಮತ್ತೆ ಮತ್ತೆ ಒರೆಸಿದರು. ಅವತ್ತು ಊಟ ಮುಟ್ಟಲಿಲ್ಲ. ಮಾತ್ರೆಯನ್ನೂ ನುಂಗಲಿಲ್ಲ. ಮೂಗಿಗೆ ಹಾಕಿದ ಕೊಳವೆಯನ್ನು ಎಳೆದು ಹಾಕಿದರು. ಜಗಳವಿಲ್ಲ, ಹಟವಿಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ: "ಪೂಜೆ ಆಗಿಲ್ಲ."

ಸಕ್ಕರೆ ಕಾಯಿಲೆಯಿದ್ದ ದೇಹ. ಹೀಗೇ ಬಿಟ್ಟರೆ ಕೈಯ ವಿಷಯ ಹಾಗಿರಲಿ, ಜೀವವೇ ಉಳಿಯುವುದಿಲ್ಲ ಎಂದರು ಡಾಕ್ಟರು. ಒಂದು ಉಪಾಯವಿದೆ, ಅದು ಔಷಧಿಯಲ್ಲ ಎಂದೂ ಹೇಳಿದರು. ಎಡಕಿವಿಗೆ ತಣ್ಣೀರು ಬಿಟ್ಟರೆ ಮಿದುಳಿನ ಬಲಭಾಗ ಸ್ವಲ್ಪ ಹೊತ್ತು ಕೆರಳುತ್ತದೆ. ಕೆಲವರಿಗೆ ಅಷ್ಟು ಹೊತ್ತು ಕೈ ಗುರುತು ಸಿಗುತ್ತದೆ. ಆಮೇಲೆ ಮತ್ತೆ ಹೋಗುತ್ತದೆ.

"ಕಿವಿಗೆ ನೀರು ಹಾಕಿದ್ರೆ ಕೈ ಸಿಗುತ್ತಾ?" ಮಹಾನಂದ ನಂಬಲಿಲ್ಲ. "ಇದೇನು ಹಲ್ಲಿಗೆ ಲವಂಗ ಇಟ್ಟ ಹಾಗಾ?"

ಕಿವಿಯ ತಮಟೆ ಸರಿಯಿದೆಯೇ ನೋಡಿ, ಕೆಳಗೆ ಟ್ರೇ ಹಿಡಿದು, ನರ್ಸ್ ಸಿರಿಂಜಿನಿಂದ ತಣ್ಣೀರು ಬಿಟ್ಟರು. ಶೈಲಜಮ್ಮ "ತಲೆ ಸುತ್ತುತ್ತೆ" ಎಂದು ಮುಖ ಕಿವುಚಿದರು. ಕಣ್ಣುಗುಡ್ಡೆ ಎಡಕ್ಕೆ ಜಾರುತ್ತ, ಜಿಗಿದು ಬರುತ್ತ ಓಲಾಡಿತು. ಓಲಾಟ ನಿಂತ ಮೇಲೆ ಡಾಕ್ಟರು ಕೈ ಎತ್ತಿ ತೋರಿಸಿದರು.

"ಯಾರ ಕೈ?"

"ನಂದೇ." ಅವರು ಬಹಳ ಹೊತ್ತು ನೋಡಿದರು. "ಎತ್ತಕ್ಕಾಗ್ತಿಲ್ಲ. ನಂಗೆ ಲಕ್ವ ಹೊಡೆದಿದೆ, ಅಲ್ವೇನ್ರೀ?"

ನಂಜುಂಡಯ್ಯ ಹೂಂ ಎಂದರು.

"ಯಾವತ್ತಿಂದ ಆಗ್ತಿಲ್ಲ, ಅಮ್ಮಾ?" ಎಂದರು ಡಾಕ್ಟರು.

"ಅಂಗಡೀಲಿ ಬಾಸಿಂಗ ಬಿತ್ತಲ್ಲ, ಅವತ್ತಿಂದ."

ಮಹಾನಂದ ಡಾಕ್ಟರ ಮುಖ ನೋಡಿದರು. ಇಷ್ಟು ದಿನವೂ ಅತ್ತಿಗೆಯ ಒಳಗೆ ಯಾರಿಗೋ ಇದು ಗೊತ್ತಿತ್ತು. ಗೊತ್ತಿದ್ದವರಿಗೆ ಮಾತಾಡಲು ಬಾಯಿ ಸಿಕ್ಕಿರಲಿಲ್ಲ.

ಶೈಲಜಮ್ಮ ಅತ್ತರು. ಬಾಸಿಂಗ ಹಿಡಿಯುವವರು ಯಾರು ಎಂದು ಅತ್ತರು. ಅಳುತ್ತಲೇ ಪೂಜೆ ಮಾಡಿದರು. ಗಂಡ ಕೆಳಗಿನಿಂದ ಮಣಿಕಟ್ಟನ್ನು ಆತುಕೊಂಡಿದ್ದರು. ಪೂಜೆ ಮುಗಿಸಿ ರಾಗಿ ಗಂಜಿ ಕುಡಿದರು, ಮಾತ್ರೆ ನುಂಗಿದರು. ಸ್ವಲ್ಪ ಹೊತ್ತಿಗೆ ಹೊದಿಕೆ ಸರಿಮಾಡಿಕೊಳ್ಳಲು ಹೋದಾಗ ಬಲಗೈ ಎಡಗೈಗೆ ತಗುಲಿತು. ಬೇಸರದಿಂದ ಕೇಳಿದರು:

"ಮಹಾನಂದ ಇನ್ನೂ ಇದನ್ನ ತಗೊಂಡು ಹೋಗಿಲ್ವಾ?"

ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಆರಿರಲಿಲ್ಲ. ಅತ್ತದ್ದೇಕೆ ಎಂದು ಕೇಳಿದರೆ, "ನಾನ್ಯಾಕೆ ಅಳ್ಲಿ?" ಎಂದರು.

ನಂಜುಂಡಯ್ಯ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಂಗಿಯ ಎದುರು ಕೂತು ಕಾಫಿ ಆರಿಸಿಕೊಂಡರು. ಪೂಜೆಯಾದರೆ ಊಟ. ನೀರು ಹಾಕಿದರೆ ಪೂಜೆ. ನೀರು ಹಾಕಿದಾಗಲೆಲ್ಲ ಅವಳಿಗೆ ಲಕ್ವ ಹೊಸದಾಗಿ ಹೊಡೆಯುತ್ತದೆ.

"ದಿನಾ ಅಳಿಸ್ಬೇಕಾ ಅವಳನ್ನ?"

"ಅವ್ರನ್ನೇ ಕೇಳಣ್ಣ," ಎಂದರು ಮಹಾನಂದ.

"ಯಾರನ್ನ ಕೇಳ್ಲಿ? ಕೈ ಇರೋಳನ್ನಾ, ಇಲ್ದೋಳನ್ನಾ?"

ಮರುದಿನ ನೀರು ಹಾಕಿ ಕೈ ಗುರುತು ಸಿಕ್ಕಾಗ ನಂಜುಂಡಯ್ಯ ಎಲ್ಲವನ್ನೂ ಹೇಳಿದರು. ಇನ್ನು ಸ್ವಲ್ಪ ಹೊತ್ತಿಗೆ ಇದು ನಿನ್ನ ಕೈಯಲ್ಲ ಅಂತೀಯ, ಮಹಾನಂದಳದ್ದು ಅಂತೀಯ, ಎಂದರು. ಶೈಲಜಮ್ಮ ಕಣ್ಣು ಅಗಲಿಸಿ ನಾದಿನಿಯತ್ತ ನೋಡಿದರು.

"ನಾನು? ಹಂಗಂದ್ನಾ? ನಿಜ ಹೇಳು ಮಹಾನಂದ."

"ಅಂದ್ರಿ ಅತ್ತಿಗೆ. ಉಂಗುರ ಕದ್ದೆ ಅಂತಾನೂ ಅಂದ್ರಿ."

ಶೈಲಜಮ್ಮ ಬಲಗೈಯಿಂದ ಆ ಉಂಗುರವನ್ನು ಸವರಿದರು. ಆಮೇಲೆ ಗಂಡನಿಗೆ ಹೇಳಿದರು: "ನಾಳೇನೂ ಹಾಕ್ಸಿ. ನಾನು ಬೇಡ ಅಂತೀನೇನೋ. ಅಂದ್ರೂ ಹಾಕ್ಸಿ."

ನಾಳೆ ಬಂತು. ನರ್ಸ್ ಸಿರಿಂಜು ತುಂಬಿಕೊಂಡು ಬಂದರು. ಶೈಲಜಮ್ಮ ಸಮಾಧಾನವಾಗಿಯೇ ಹೇಳಿದರು:

"ಬೇಡ ಸಿಸ್ಟರ್, ವಾಂತಿ ಬಂದಂಗಾಗುತ್ತೆ."

"ನೀನೇ ಹೇಳಿದ್ದು ಶೈಲಾ, ಹಾಕ್ಸಿ ಅಂತ," ಎಂದರು ನಂಜುಂಡಯ್ಯ.

"ನಾನ್ಯಾವಾಗ ಹೇಳ್ದೆ? ನಿಮ್ಗೇನಾಗಿದೆ?"

ನರ್ಸ್ ನಂಜುಂಡಯ್ಯನವರ ಮುಖ ನೋಡಿದರು. ಹೂಂ ಎಂದಿದ್ದರೆ ಸಾಕಿತ್ತು. ತಲೆ ಹಿಡಿದು ನೀರು ಬಿಡಬಹುದಿತ್ತು. ನಂಜುಂಡಯ್ಯ ಹೂಂ ಅನ್ನಲಿಲ್ಲ. ಸಿರಿಂಜನ್ನು ಕೆಳಗಿಡಲು ಹೇಳಿ ಹೆಂಡತಿಯ ಪಕ್ಕ ಕೂತರು.

"ಹಸಿವಾಗಿಲ್ವಾ?"

"ಆಗಿದೆ. ಪೂಜೆ ಆಗ್ಲಿ."

"ಪೂಜೆಗೆ ಕೈ ಬೇಕಲ್ಲ."

"ಬೇಕು." ಶೈಲಜಮ್ಮ ಬಲಗೈಯಿಂದ ಹಾಸಿಗೆ ತಡಕಿದರು. ದಿಂಬಿನ ಕೆಳಗೆ ನೋಡಿದರು. ಅವರ ದನಿ ಸಣ್ಣದಾಯಿತು. "ನಂದೆಲ್ಲಿಟ್ಟಿದೀರ? ತಂದ್ಕೊಡ್ರೀ."

"ತರ್ತೀನಿ. ಕಿವಿಗೆ ಸ್ವಲ್ಪ ನೀರು ಹಾಕಿಸ್ಕೋ. ಸಿಗುತ್ತೆ."

"ಸಿಗುತ್ತಾ?"

"ಸಿಗುತ್ತೆ. ಆದ್ರೆ ಅಳು ಬರುತ್ತೆ, ಶೈಲಾ."

ಅವರು ಗಂಡನ ಮುಖವನ್ನು ನೋಡಿದರು.

"ಬಂದ್ರೆ ಬರ್ಲಿ," ಎಂದು ತಲೆಯನ್ನು ಬಲಕ್ಕೆ ಹೊರಳಿಸಿ, ಎಡಕಿವಿಯನ್ನು ನರ್ಸ್ ಕಡೆಗೆ ಕೊಟ್ಟರು.