ಶನಿವಾರದ ಆಟಕ್ಕೆ ಕೇಕ್ ಬಂತು

ಆಟ ಮುಗಿಯಲು ಒಂದೇ ಒಂದು ಚೆಂಡು ಬಾಕಿ ಇತ್ತು. ಅಷ್ಟರಲ್ಲಿ ಕೇಕ್ ಬಂತು.

ಸ್ಕೋರು ಮೂರಕ್ಕೆ ಮೂರು. ಕೊನೆಯ ಸುತ್ತು. ಎದುರಾಳಿಯ ಚೆಂಡುಗಳೆಲ್ಲ ಮುಗಿದಿದ್ದವು. ನನ್ನ ತಂಗಿ ಮಾಲತಿಯ ಪಾಲಿಗೆ ಒಂದು ಕೆಂಪು ಚೆಂಡು ಉಳಿದಿತ್ತು. ‘ಎಡಕ್ಕ... ಇನ್ನೊಂದ್ ಸ್ವಲ್ಪ... ಸಾಕು’ ಎಂದು ಅವಳು ಒಂದೊಂದೇ ಶಬ್ದ ಹೆಕ್ಕಿ ಹೇಳಿದಂತೆ ನಾನು ರ‍್ಯಾಂಪ್ ಸರಿಸಿದ್ದೆ. ಅವಳು ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸುತ್ತಿತ್ತು. ಆಗಲೇ ಹಾಲ್‌ನ ಬಾಗಿಲು ತೆರೆಯಿತು, ಇಪ್ಪತ್ತು ಜನ ಒಟ್ಟಿಗೆ ಹುಟ್ಟುಹಬ್ಬದ ಹಾಡು ಶುರು ಮಾಡಿದರು.

ಆಟ ಯಾವುದು ಅಂತ ಹೇಳದೆ ಕಥೆ ಶುರು ಮಾಡಿಬಿಟ್ಟೆ. ಕ್ಷಮಿಸಿ.

ಅದರ ಹೆಸರು ಬೋಚಿಯಾ. (ಮೊದಲ ಸಲ ಕೇಳಿದಾಗ ನಾನು ಯಾವುದೋ ತಿಂಡಿ ಅಂದುಕೊಂಡಿದ್ದೆ.) ಗಾಲಿಕುರ್ಚಿಯಲ್ಲಿ ಕೂತು ಆಡುವ ಆಟ. ಮೊದಲು ಒಂದು ಬಿಳಿ ಚೆಂಡನ್ನು ಬಿಡುತ್ತಾರೆ. ಆಮೇಲೆ ಒಬ್ಬರು ಕೆಂಪು, ಇನ್ನೊಬ್ಬರು ನೀಲಿ. ಯಾರ ಚೆಂಡು ಬಿಳಿಗೆ ಹತ್ತಿರವೋ ಅವರಿಗೆ ಪಾಯಿಂಟು. ಅಷ್ಟೇ. ಕೈಯಿಂದ ಎಸೆಯಲಾಗದವರಿಗೆ ಒಂದು ರ‍್ಯಾಂಪ್ ಕೊಡುತ್ತಾರೆ. ಅದರ ಮೇಲಿಂದ ಚೆಂಡು ಉರುಳಿ ಹೋಗುತ್ತದೆ.

ಮಾಲತಿಗೆ ನಲವತ್ತನಾಲ್ಕು ವರ್ಷ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಅವಳ ಮಾತು ಕೇಳುವುದಿಲ್ಲ. ಬಲಗೈ ಹೆಬ್ಬೆರಳು ಕೇಳುತ್ತದೆ, ಅದೂ ಅದರ ಮೂಡ್ ಚೆನ್ನಾಗಿದ್ದರೆ. ತಲೆ ಮಾತ್ರ ನನ್ನದಕ್ಕಿಂತ ಚುರುಕು. ಅವ್ವ ತೀರಿಕೊಂಡ ಮೇಲೆ ಧಾರವಾಡದಿಂದ ಪುಣೆಗೆ, ಸದಾಶಿವ ಪೇಠದ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಬಂದಳು. ಬಂದ ಮೇಲೆ ಅವಳ ಪರವಾಗಿ ಎಲ್ಲ ಕಡೆ ನಾನೇ ಮಾತಾಡಿದೆ. ಡಾಕ್ಟರ ಮುಂದೆ ನಾನು. ಬ್ಯಾಂಕಿನಲ್ಲಿ ನಾನು. ‘ಅವರಿಗೆ ಟೀ ಬೇಕಾ?’ ಎಂದು ನೆಂಟರು ಕೇಳುವುದೂ ನನ್ನನ್ನೇ.

ಈ ಆಟದಲ್ಲಿ ಒಂದು ನಿಯಮವಿದೆ. ರ‍್ಯಾಂಪ್ ಹಿಡಿಯುವವನು ಆಟಗಾರರ ಕಡೆ ಮುಖ ಮಾಡಿ, ಅಂಗಳಕ್ಕೆ ಬೆನ್ನು ಹಾಕಿ ಕೂರಬೇಕು. ತಿರುಗಿ ನೋಡುವಂತಿಲ್ಲ. ಸಲಹೆ ಕೊಡುವಂತಿಲ್ಲ. ಹೇಳಿದಷ್ಟು ಮಾಡಬೇಕು, ಬಾಯಿ ಮುಚ್ಚಿಕೊಂಡಿರಬೇಕು. ಜೀವನದಲ್ಲಿ ಮೊದಲ ಬಾರಿಗೆ ನನ್ನ ತಂಗಿ ನನ್ನನ್ನು ಗದರಿಸಿದ್ದು ಆ ಹಾಲ್‌ನಲ್ಲಿ. ‘ಎಡಕ್ಕ ಅಂದ್ರ ಎಡಕ್ಕ! ಲೈಬ್ರರಿ ಅಲ್ಲ ಇದು.’ (ನಾನು ಕಾಲೇಜಿನ ಲೈಬ್ರರಿಯನ್.) ಮನೆಗೆ ಹೋಗಿ ಹೆಂಡತಿಗೆ ಹೇಳಿದಾಗ ಅವಳಿಗೆ ಕಣ್ಣೀರು ಬಂತು. ನನಗೂ.

ಶನಿವಾರ ಅಲ್ಲಿ ಆಡುವ ಗುಂಪನ್ನು ನಡೆಸುವವರು ಅಶ್ವಿನಿತಾಯಿ. (ಮರಾಠಿಯಲ್ಲಿ ‘ತಾಯಿ’ ಅಂದರೆ ಅಕ್ಕ.) ಫಿಜಿಯೋಥೆರಪಿಸ್ಟ್. ಶನಿವಾರ ಖಾಲಿ ಇರುವ ಒಂದು ಶಾಲೆಯ ಹಾಲ್ ಬೇಡಿ ಪಡೆದು, ನೆಲಕ್ಕೆ ಟೇಪ್ ಅಂಟಿಸಿ ಅಂಗಳ ಮಾಡಿಕೊಂಡಿದ್ದರು. ಒಟ್ಟು ಒಂಬತ್ತು ಜನ ಆಟಗಾರರು. ಅದರಲ್ಲಿ ಕನ್ನಡ ಮಾತಾಡುವವರು ಇಬ್ಬರೇ. ಒಬ್ಬಳು ಮಾಲತಿ. ಇನ್ನೊಬ್ಬ ಭೀಮರಾಯ.

ಭೀಮರಾಯ ಯಾದಗಿರಿ ಕಡೆಯವನು. ಗಿಲಾಯಿ ಕೆಲಸದವನು, ಗೋಡೆಗೆ ಸಿಮೆಂಟು ಮೆತ್ತುವವನು. ಕಟ್ಟುತ್ತಿದ್ದ ಬಿಲ್ಡಿಂಗಿನ ಮೂರನೇ ಮಹಡಿಯಿಂದ ಬಿದ್ದು ಕುತ್ತಿಗೆಯ ಮೂಳೆ ಮುರಿದುಕೊಂಡ. ಕುತ್ತಿಗೆಯ ಕೆಳಗೆ ಏನೂ ಉಳಿಯಲಿಲ್ಲ. ಹಣೆಗೆ ಕಟ್ಟಿದ ಒಂದು ಕಡ್ಡಿಯಿಂದ ಚೆಂಡು ತಳ್ಳುತ್ತಿದ್ದ. ಅವನ ರ‍್ಯಾಂಪ್ ಹಿಡಿಯುವವಳು ಹೆಂಡತಿ ಶರಣಮ್ಮ.

ಮೊದಲ ಶನಿವಾರ ಅವನು ಮಾಲತಿಗೆ ಸೋತ. ಎರಡನೆಯ ಶನಿವಾರವೂ ಸೋತ. ಮೂರನೆಯದಕ್ಕೆ ಬಂದವನೇ, ‘ಅಕ್ಕಾರ, ಇವತ್ತ ನಿಮ್ಮನ್ನ ಬಿಡಂಗಿಲ್ಲ ನೋಡ್ರಿ’ ಅಂದ. ಬಿಡಲಿಲ್ಲ. ಅವತ್ತು ಮಾಲತಿ ಮನೆಗೆ ಬಂದು ಊಟ ಸರಿಯಾಗಿ ಮಾಡಲಿಲ್ಲ. ತುತ್ತಿನ ನಡುವೆ ಮುಖ ತಿರುಗಿಸಿ, ‘ನಾಲ್ಕನೇ ಚೆಂಡು ತಪ್ಪಿತು’ ಅಂದಳು.

ಸೋತ ಸಂಕಟ. ನಲವತ್ತನಾಲ್ಕು ವರ್ಷದಲ್ಲಿ ಅವಳಿಗೆ ಅದನ್ನು ಯಾರಾದರೂ ಕೊಟ್ಟಿದ್ದರಾ?

ಇನ್ನು ನನ್ನ ಪಾಪದ ಕಥೆ.

ಈ ಅಂಕಣದ ಹಳೆಯ ಓದುಗರಿಗೆ ನೆನಪಿರಬಹುದು. ಕೆಲವು ತಿಂಗಳ ಹಿಂದೆ ಇದೇ ಜಾಗದಲ್ಲಿ ಆ ಗುಂಪಿನ ಬಗ್ಗೆ ಬರೆದಿದ್ದೆ. ‘ಸ್ಫೂರ್ತಿಯ ಚಿಲುಮೆ’ ಅಂದಿದ್ದೆ. ‘ಅವರ ನಗುವಿನಲ್ಲಿ ದೇವರಿದ್ದಾನೆ’ ಅಂದಿದ್ದೆ. ಬರೆಯುವಾಗ ಗಂಟಲು ಕಟ್ಟಿತ್ತು. (ಬರೆಯುವವನ ಗಂಟಲು ಕಟ್ಟಿದರೆ ಓದುವವರು ಹುಷಾರಾಗಿರಬೇಕು ಎಂದು ಈಗ ಗೊತ್ತಾಗಿದೆ.) ಪೇಪರ್ ಬಂದ ದಿನ ಹೆಮ್ಮೆಯಿಂದ ಮಾಲತಿಯ ಮುಂದೆ ಹಿಡಿದೆ. ಅವಳು ನಿಧಾನವಾಗಿ ಪೂರ್ತಿ ಓದಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. ‘ಸ್ಕೋರ್ ಎಲ್ಲಿ ಬರದಿ?’

ಬರೆದಿರಲಿಲ್ಲ. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ.

ಫೋನುಗಳು ಬಂದವು. ಯಾರೋ ಅದನ್ನು ಮರಾಠಿಗೆ ಮಾಡಿ ವಾಟ್ಸ್ಯಾಪಿಗೆ ಹಾಕಿದರು. ನಂತರ ಜನ ಬರತೊಡಗಿದರು. ಮೊದಲು ಪುಣೆಯ ನಮ್ಮ ಕನ್ನಡದವರೇ ಒಂದಷ್ಟು ಹೆಣ್ಣುಮಕ್ಕಳು ಹೋಳಿಗೆ ಡಬ್ಬಿ ಹಿಡಿದು ಬಂದರು. ಮುಂದಿನ ವಾರ ಒಂದು ಕಂಪನಿಯ ಮೂವತ್ತು ಜನ ಒಂದೇ ಬಣ್ಣದ ಟೀ ಶರ್ಟಿನಲ್ಲಿ. ಆಮೇಲೆ ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ತೀರಿಕೊಂಡ ಅಜ್ಜನ ನೆನಪು. ಯಾರೂ ಕೆಟ್ಟವರಲ್ಲ. ಎಲ್ಲರ ಕಣ್ಣೂ ತೇವ. ಮಾಲತಿಗೆ ದೊಡ್ಡ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ; ಕೇಳದೆಯೇ ಅವಳ ಬಾಯಿಗೆ ಲಾಡು ತುರುಕಿದವರೂ ಪ್ರೀತಿಯಿಂದಲೇ ತುರುಕಿದರು.

ಒಂದು ಶನಿವಾರ ಬಂದ ಸಜ್ಜನರೊಬ್ಬರು ಒಂಬತ್ತೂ ಜನರ ಕೊರಳಿಗೆ ಹೊಳೆಯುವ ಮೆಡಲ್ ಹಾಕಿದರು. ಭೀಮರಾಯ ಆಗಷ್ಟೇ ಕೆಟ್ಟದಾಗಿ ಸೋತಿದ್ದ. ಎದೆಯ ಮೇಲಿನ ಮೆಡಲನ್ನು ಗದ್ದ ತಗ್ಗಿಸಿ ನೋಡಿಕೊಂಡು ನನ್ನನ್ನು ಕೇಳಿದ: ‘ಸರ, ಸೋತವ್ರಿಗೂ ಇದನ್ನ ಯಾಕ ಹಾಕ್ತಾರ?’



ಮೂರು ಗಂಟೆಯ ಪ್ರಾಕ್ಟೀಸು ಎರಡಾಯಿತು, ಒಂದಾಯಿತು. ಅಶ್ವಿನಿತಾಯಿಗೆ ಹೇಳಿದೆ. ಅವರು, ನಿಮ್ಮ ತಂಗಿ ಬರುವ ವ್ಯಾನ್ ಕೊಟ್ಟವರು ನಿಮ್ಮ ಲೇಖನ ಓದಿದವರೇ, ಅದಿಲ್ಲದಿದ್ದರೆ ಕಾತ್ರಜದಿಂದ ಭೀಮರಾಯ ವಾರ ವಾರ ಹೇಗೆ ಬರುತ್ತಿದ್ದ, ಯಾರನ್ನು ಬೇಡ ಅನ್ನಲಿ, ನೀವೇ ಹೇಳಿ ಅಂದರು.

ಕೇಕ್ ಬಂದ ಆ ಶನಿವಾರ ಬರೀ ಪ್ರಾಕ್ಟೀಸು ಆಗಿರಲಿಲ್ಲ. ರಾಜ್ಯಮಟ್ಟದ ಆಟಕ್ಕೆ ರ‍್ಯಾಂಪ್ ಆಟಗಾರರಲ್ಲಿ ಒಬ್ಬರನ್ನು ಕಳಿಸಬೇಕಿತ್ತು. ಉಳಿದವರೆಲ್ಲ ಸೋತು ಕೊನೆಗೆ ಉಳಿದವರು ಇವರಿಬ್ಬರೇ. ಭೀಮರಾಯ ಹೊಸ ಅಂಗಿ ಹಾಕಿಸಿಕೊಂಡು ಬಂದಿದ್ದ. ಮಾಲತಿ ಬೆಳಿಗ್ಗೆ ಚಹಾ ಸಹ ಕುಡಿದಿರಲಿಲ್ಲ.

ಕೇಕ್ ತಂದವರು ನಿವೃತ್ತ ಎಂಜಿನಿಯರ್. ಬೆಳಗಾವಿಯವರು. ತಮ್ಮ ಅರವತ್ತನೆಯ ಹುಟ್ಟುಹಬ್ಬವನ್ನು ಹೋಟೆಲ್ಲಿನಲ್ಲಿ ಮಾಡದೆ ಇಲ್ಲಿ ಮಾಡುತ್ತೇನೆ ಎಂದು ನನಗೇ ಫೋನ್ ಮಾಡಿದ್ದರು. ಹನ್ನೆರಡು ಗಂಟೆಗೆ ಬರ್ರಿ ಎಂದಿದ್ದೆ. ಹನ್ನೊಂದೂವರೆಗೆ ಬಂದರು. ಅಶ್ವಿನಿತಾಯಿ ಗೇಟಿನ ಹತ್ತಿರ ಅವರ ಗಾಡಿಗಳನ್ನು ನಿಲ್ಲಿಸಲು ಜಾಗ ತೋರಿಸುತ್ತಿದ್ದರು.

ನಾನು ಬೆನ್ನು ಹಾಕಿ ಕೂತಿದ್ದೆ. ಎದುರಿಗೆ ಮಾಲತಿಯ ಮುಖ ಮಾತ್ರ. ಹಾಡು ಜೋರಾಯಿತು. ಯಾರೋ ‘ಜಾಗ ಮಾಡ್ರಿ, ಜಾಗ ಮಾಡ್ರಿ’ ಅಂದರು. ಟೇಬಲ್ ಎಳೆದ ಸದ್ದು. ಮಾಲತಿಯ ಕಣ್ಣು ಅಗಲವಾಯಿತು. ಬಾಯಿ ತೆರೆಯಿತು. ಅವಳಿಗೆ ಒಂದು ಶಬ್ದ ಹೊರಡಿಸಲು ಹೊತ್ತು ಬೇಕು. ಗಾಬರಿಯಾದರೆ ಇನ್ನೂ ಹೊತ್ತು. ಪಕ್ಕದಲ್ಲಿ ಭೀಮರಾಯ ‘ಮುಟ್ಟಬ್ಯಾಡ್ರಿ, ಮುಟ್ಟಬ್ಯಾಡ್ರಿ’ ಅನ್ನುತ್ತಿದ್ದ. ಕುತ್ತಿಗೆಯ ಪೆಟ್ಟು ಅವನ ದನಿಯನ್ನೂ ತಿಂದಿತ್ತು. ಹಾಡಿನ ನಡುವೆ ಅದು ಯಾರಿಗೆ ಕೇಳಬೇಕು?

ಮಾಲತಿಯ ಬಾಯಿಂದ ‘ತಡೀರಿ’ ಬರುವಷ್ಟರಲ್ಲಿ ನಾನು ತಿರುಗಿದ್ದೆ. ನೆಲ ಖಾಲಿ. ಚೆಂಡುಗಳನ್ನೆಲ್ಲ ಒಬ್ಬರು ನೀಟಾಗಿ ಚೀಲಕ್ಕೆ ತುಂಬಿ, ನನ್ನನ್ನು ನೋಡಿ ನಕ್ಕರು. ಸಹಾಯ ಮಾಡಿದ ನಗು.

ನಾನು ಏನು ಮಾಡಬೇಕಿತ್ತು? ಕೂಗಬೇಕಿತ್ತು. ಕೇಕ್ ಹೊರಗೆ ಒಯ್ಯಿರಿ ಅನ್ನಬೇಕಿತ್ತು. ಎಂಜಿನಿಯರು ಬಂದು ‘ನಿಮ್ಮ ಕಾಲಮ್ಮಿನ ಫ್ಯಾನ್ ರೀ ನಾವು’ ಎಂದು ನನ್ನ ಕೈ ಹಿಡಿದರು. ಹಿಡಿದ ಕೈಗೆ ಚಾಕು ಕೊಟ್ಟರು. ನಾನು ಮಾಲತಿಯ ಕೈಯನ್ನು ನನ್ನ ಕೈಯೊಳಗೆ ಇಟ್ಟುಕೊಂಡು ಕೇಕ್ ಕತ್ತರಿಸಿದೆ. ಫೋಟೋ ಇದೆ. ಅದರಲ್ಲಿ ನಾನು ನಗುತ್ತಿದ್ದೇನೆ.

ಚೆಂಡುಗಳು ಹೇಗೆ ಬಿದ್ದಿದ್ದವು, ಯಾರ ಚೆಂಡು ಹತ್ತಿರ ಇತ್ತು, ನೋಡಿದವರು ಇಬ್ಬರೇ. ಶರಣಮ್ಮನೂ ನನ್ನ ಹಾಗೆ ಬೆನ್ನು ಹಾಕಿ ಕೂತವಳು. ಉಳಿದ ಆಟಗಾರರು ಹೊರಗೆ ವರಾಂಡದಲ್ಲಿದ್ದರು. ಅಶ್ವಿನಿತಾಯಿ ಬಂದು ಹಣೆ ಚಚ್ಚಿಕೊಂಡರು. ಮುಂದಿನ ಶನಿವಾರ ಮತ್ತೆ ಆಡಿಸುತ್ತೇನೆ ಅಂದರು.

ಮಧ್ಯೆ ಬುಧವಾರ ಭೀಮರಾಯ ಫೋನ್ ಮಾಡಿಸಿದ್ದ. ಸ್ಪೀಕರ್ ಹಾಕಿ ಮಾಲತಿಯ ಮುಂದೆ ಹಿಡಿದೆ. ‘ಆ ಆಟ ನಂದಾ ಇತ್ರಿ ಅಕ್ಕಾರ’ ಅಂದ. ಮಾಲತಿ ನಕ್ಕು, ‘ಬಂದ್ ತೋರಸು’ ಅಂದಳು.

ಮುಂದಿನ ಶನಿವಾರ ಅವನು ಬರಲಿಲ್ಲ. ಜ್ವರ ಅಂದಳು ಶರಣಮ್ಮ ಫೋನಿನಲ್ಲಿ. ಕೂತಲ್ಲೇ ಕೂತು ಬೆನ್ನ ಕೆಳಗೆ ಹುಣ್ಣಾಗಿ, ಅದರ ನಂಜು ಮೈಗೆ ಏರಿತ್ತು. ಅವನಿಗೆ ಅಲ್ಲಿ ನೋವು ಗೊತ್ತಾಗುವುದೇ ಇಲ್ಲವಲ್ಲ. ಆಸ್ಪತ್ರೆಯಲ್ಲಿ ಮೂರು ವಾರ ಇದ್ದ. ನಾಲ್ಕನೆಯ ವಾರ ಇರಲಿಲ್ಲ.

ರಾಜ್ಯಮಟ್ಟಕ್ಕೆ ಅಶ್ವಿನಿತಾಯಿ ಮಾಲತಿಯ ಹೆಸರು ಬರೆದರು. ಬೇರೆ ದಾರಿ ಏನಿತ್ತು? ಮಾಲತಿ ಅದನ್ನು ಹೊಡೆದು ಹಾಕಿಸಿದಳು. ‘ನಾ ಗೆದ್ದಿಲ್ಲ’ ಅಂದಳು. ನಾನು ತಿಳಿಹೇಳಲು ಹೋದೆ. ನನ್ನ ಕಡೆ ನೋಡಲಿಲ್ಲ. ಈ ವರ್ಷ ನಮ್ಮ ಗುಂಪಿನಿಂದ ಯಾರೂ ಹೋಗಲಿಲ್ಲ.

ಭೀಮರಾಯನ ಮನೆಗೆ ಹೋಗಬೇಕೆಂದು ಮಾಲತಿಯೇ ಹಟ ಹಿಡಿದಳು. ಕಾತ್ರಜದ ಗುಡ್ಡದ ಬದಿಯಲ್ಲಿ ತಗಡು ಹೊದಿಸಿದ ಒಂದು ಪತ್ರಾ ಶೆಡ್. ಗಾಲಿಕುರ್ಚಿ ಒಳಗೆ ಹೋಗಲಿಲ್ಲ. ಶರಣಮ್ಮ ಹೊರಗೆ ಬಂದು ಮಾಲತಿಯ ಕಾಲ ಹತ್ತಿರ ನೆಲದ ಮೇಲೆ ಕೂತಳು. ಹೈವೇ ಮೇಲೆ ಸಾತಾರಾ ಕಡೆಯ ಬಸ್ಸುಗಳು ಹೋಗುತ್ತಿದ್ದವು. ಊರಿಗೆ ಹೋಗುತ್ತೇನೆ, ಅಲ್ಲಿ ತಮ್ಮ ಇದ್ದಾನೆ ಎಂದು ಶರಣಮ್ಮ ಹೇಳಿದಳು.

ಆಮೇಲೆ ಅವಳು ಹೇಳಿದ್ದು ಇದು: ‘ಬಿದ್ದ ಮ್ಯಾಲ ಅವ್ರಿಗಿ ಸಿಟ್ಟಾ ಬರ್ತಿರಲಿಲ್ರಿ ಅಕ್ಕಾರ. ಏನ್ ಅಂದ್ರೂ ಹೂಂ, ಏನ್ ಕೊಟ್ರೂ ಹೂಂ. ನಿಮ್ಮ ಕೈಲೆ ಸೋತ ದಿನ ಮನೀಗಿ ಬಂದು ನನ್ನ ಮ್ಯಾಲ ಒದರ‍್ಯಾಡಿದ್ರು, ರ‍್ಯಾಂಪ್ ಸೊಟ್ಟ ಹಿಡದಿ ಅಂತ. ಅವತ್ತ ನಾ ಒಳಗ ಹೋಗಿ ಅತ್ತೆ ನೋಡ್ರಿ, ನನ್ನ ಗಂಡ ಹೊಳ್ಳಿ ಬಂದ ಅಂತ.’

ಮಾಲತಿಯ ಕುತ್ತಿಗೆ ಒಂದು ಕಡೆ ಸೆಳೆಯತೊಡಗಿತು. ಮಾತು ಬರುವ ಮುಂಚೆ ಹಾಗಾಗುತ್ತದೆ. ನಾವಿಬ್ಬರೂ ಕಾದೆವು.

‘ಆ ಆಟ... ಭೀಮರಾಯಂದ,’ ಅಂದಳು.

ಶರಣಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಹಿಂದಿರುಗುವಾಗ ವ್ಯಾನ್‌ನಲ್ಲಿ ಕೇಳಿದೆ, ಹೌದೇನು, ನಿಜವಾಗಿಯೂ ಅವನ ಚೆಂಡು ಹತ್ತಿರ ಇತ್ತೇನು ಅಂತ. ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಸ್ವಾರಗೇಟ್ ಸಿಗ್ನಲ್ ದಾಟಿದ ಮೇಲೆ ಉತ್ತರ ಬಂತು. ‘ಇತ್ತು. ಆದ್ರ ನಂದೊಂದು ಬಾಕಿ ಇತ್ತಲ್ಲ.’

ಈಗ ಅವಳು ಶನಿವಾರ ಹೋಗುವುದಿಲ್ಲ. ಆರು ವಾರ ಆಯಿತು. ವ್ಯಾನ್ ಬರುತ್ತದೆ, ಕೆಳಗೆ ಎರಡು ಸಲ ಹಾರ್ನ್ ಮಾಡುತ್ತದೆ, ಹೋಗುತ್ತದೆ. ಯಾಕೆ ಎಂದರೆ, ಉಳಿದವರು ಪಾಪ ಎಂದು ತನ್ನನ್ನು ಬೇಕಂತಲೇ ಗೆಲ್ಲಿಸುತ್ತಾರೆ ಅನ್ನುತ್ತಾಳೆ. ಭೀಮರಾಯ ಹೋದ ಮೇಲೆ ಒಂದು ಸಲ ಹೋಗಿ ಆಡಿ ಬಂದೆವು, ಅಷ್ಟು ಸಾಕಂತೆ.

ಇದನ್ನು ಬರೆಯಲು ಕೂತಾಗಲೇ ಒಬ್ಬ ಓದುಗರ ಫೋನ್ ಬಂತು. ಹಿಂದಿನ ಲೇಖನ ಈಗ ಕಣ್ಣಿಗೆ ಬಿತ್ತಂತೆ. ಮೊಮ್ಮಗಳ ಹುಟ್ಟುಹಬ್ಬ, ಎಷ್ಟು ಜನ ಇರುತ್ತಾರೆ, ಊಟ ತರಲೋ ಹಣ್ಣು ತರಲೋ ಎಂದು ಕೇಳಿದರು. ಒಳ್ಳೆಯ ದನಿ. ಏನೂ ತರಬೇಡಿ, ಹತ್ತು ಗಂಟೆಗೆ ಬಂದು ಬೆಂಚಿನ ಮೇಲೆ ಕೂತು ಆಟ ನೋಡಿ, ಚೆನ್ನಾಗಿ ಆಡಿದರೆ ಚಪ್ಪಾಳೆ ಹೊಡೆಯಿರಿ, ಆಡದಿದ್ದರೆ ಬೈದುಕೊಳ್ಳಿ ಅಂದೆ.

‘ಬರೇ ಆಟ ನೋಡ್ಲಿಕ್ಕೆ ಅಷ್ಟು ದೂರ ಯಾರು ಬರ್ತಾರ‍್ರೀ?’ ಅಂದರು.