ಒಳಕೋಣೆಯ ಕಂಪ್ಯೂಟರಿಗೆ ನಳಿನಾಕ್ಷಿಯೇ ಬೇಕು

ಮಸೀದಿಯಲ್ಲಿ ಬೆಳಗಿನ ಬಾಂಗ್ ಮುಗಿದು ಸ್ವಲ್ಪ ಹೊತ್ತಾಗಿದೆ. ಸೌದಿ ಅರೇಬಿಯದ ಅಲ್ ಖೋಬರಿನ ಭಾರತೀಯ ಶಾಲೆಯೊಂದರ ಕಂಪ್ಯೂಟರ್ ಕೋಣೆಯ ಬಾಗಿಲು ತೆರೆದು ನಳಿನಾಕ್ಷಿ ಒಳಗೆ ಬರುತ್ತಾರೆ. ದೀಪ ಹಾಕುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಸಾಲಿನಿಂದ ಸಾಲಿಗೆ ನಡೆಯುತ್ತ ಒಂದೊಂದೇ ಯಂತ್ರದ ಗುಂಡಿ ಒತ್ತುತ್ತಾರೆ. ಫ್ಯಾನುಗಳು ಗುಂಯ್‌ಗುಡತೊಡಗುತ್ತವೆ. ಕತ್ತಲ ಕೋಣೆಯಲ್ಲಿ ನೀಲಿ ಚೌಕಗಳು ಒಂದರ ಹಿಂದೊಂದು ಏಳುತ್ತವೆ. ಕೊನೆಯ ಸಾಲಿನಲ್ಲಿ ಒಂದು ಮಾತ್ರ ಏಳುವುದಿಲ್ಲ.

"ಲೈಟ್ ಹಾಕಿದ್ರೆ ಎಲ್ಲ ಒಂದೇ ಥರ ಕಾಣ್ತದೆ. ಕತ್ತಲೆ ಇದ್ರೆ ಯಾವುದು ಏಳ್ಲಿಲ್ಲ ಅಂತ ಬಾಗಿಲಲ್ಲಿ ನಿಂತೇ ಗೊತ್ತಾಗ್ತದೆ," ಎನ್ನುತ್ತ ಅವರು ಆ ಯಂತ್ರದ ಹಿಂದೆ ಮಂಡಿಯೂರುತ್ತಾರೆ. ಯಾರೋ ಹುಡುಗರು ಕಾಲು ಚಾಚಿ ಕೇಬಲ್ ಸಡಿಲಿಸಿದ್ದಾರೆ. ಒತ್ತಿ ಕೂರಿಸಿದ್ದೇ ತಡ, ಅದಕ್ಕೂ ಬೆಳಕು ಬರುತ್ತದೆ. ಮೊದಲ ತರಗತಿಯ ಮಕ್ಕಳು ಗಲಾಟೆ ಮಾಡುತ್ತ ನುಗ್ಗುವಾಗ ನಲವತ್ತು ಯಂತ್ರಗಳೂ ಸಿದ್ಧ. ಮಕ್ಕಳು ಅವರನ್ನು 'ಲ್ಯಾಬ್ ಆಂಟಿ' ಎನ್ನುತ್ತಾರೆ. ಹೆಸರು ಕೇಳಿದವರು ಕಡಿಮೆ.

ಮೂಲ್ಕಿ ಕಡೆಯವರಾದ ನಳಿನಾಕ್ಷಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವರು. ಮದುವೆಗೆ ಮೊದಲು ಮಂಗಳೂರಿನ ಟಿ.ವಿ. ರಿಪೇರಿ ಅಂಗಡಿಯೊಂದರಲ್ಲಿ ಕೆಲಸ. ಬಂದ ಗಿರಾಕಿಗಳೆಲ್ಲ ಅವರೆದುರೇ ನಿಂತು, "ಮೆಕ್ಯಾನಿಕ್ ಇಲ್ವಾ?" ಎಂದು ಒಳಗೆ ಇಣುಕುತ್ತಿದ್ದರಂತೆ. ಗಂಡ ಕೊರಗಪ್ಪ ಖೋಬರಿನಲ್ಲಿ ಶಾಲಾ ಬಸ್ಸುಗಳ ಮೆಕ್ಯಾನಿಕ್. ಅವರ ಹಿಂದೆ ಬಂದ ಮೇಲೆ ಹಲವು ವರ್ಷ ಇಕಾಮಾದಲ್ಲಿ, ಅಂದರೆ ಇಲ್ಲಿನ ವಾಸದ ಪರವಾನಗಿಯಲ್ಲಿ, ಗಂಡನ ಅವಲಂಬಿತೆ ಎಂಬುದಷ್ಟೇ ಅವರ ಗುರುತು. ಕಂಪ್ಯೂಟರ್ ಅಂಗಡಿಗಳಲ್ಲಿ ಕೆಲಸ ಕೇಳಿದರು. ಹೆಂಗಸು ಎಂದು ತೆಗೆದುಕೊಳ್ಳಲಿಲ್ಲ.

"ಆ ವರ್ಷಗಳಲ್ಲಿ ಮನೆಯ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲ ಬಿಚ್ಚಿ ಬಿಚ್ಚಿ ಜೋಡಿಸಿದ್ದೇನೆ. ಹಾಳಾಗದ್ದನ್ನೂ," ಎಂದು ನಗುತ್ತಾರೆ.

ಆಮೇಲೆ ಈ ಶಾಲೆಯ ಕೆಲಸ ಸಿಕ್ಕಿತು. ಅಂಗಡಿಗಳು ಬೇಡವೆಂದ ಕಾರಣವೇ ಕೊನೆಗೆ ಅವರಿಗೆ ಇನ್ನೊಂದು ಕೆಲಸವನ್ನೂ ಹುಟ್ಟಿಸಿತು. ಇಲ್ಲಿನ ಎಷ್ಟೋ ಮನೆಗಳಲ್ಲಿ ಗಂಡಸರು ಇಲ್ಲದ ಹೊತ್ತಿನಲ್ಲಿ ಬೇರೆ ಗಂಡಸರು ಒಳಗೆ ಕಾಲಿಡುವಂತಿಲ್ಲ. ಕಂಪ್ಯೂಟರ್ ಕೆಟ್ಟರೆ ಅದನ್ನೇ ಹೊತ್ತು ಅಂಗಡಿಗೆ ಕೊಡಬೇಕು. ಅದರೊಳಗಿರುವ ಮನೆಯ ಹೆಂಗಸರ ಫೋಟೋ, ವಿಡಿಯೋಗಳ ಸಮೇತ. ಅದಕ್ಕೆ ಒಪ್ಪದವರು ಯಂತ್ರವನ್ನು ಮೂಲೆಗೆ ತಳ್ಳಿ ಬಟ್ಟೆ ಮುಚ್ಚುತ್ತಾರೆ. ಶಾಲೆಯ ಟೀಚರೊಬ್ಬರ ಮನೆಯಿಂದ ಶುರುವಾಗಿ ಬಾಯಿಂದ ಬಾಯಿಗೆ ಹರಡಿ, ಈಗ ಶಾಲೆ ಬಿಟ್ಟ ಮೇಲೆ ವಾರದಲ್ಲಿ ನಾಲ್ಕೈದು ಮನೆಗಳಿಂದ ನಳಿನಾಕ್ಷಿಗೆ ಕರೆ ಬರುತ್ತದೆ. ಕೊರಗಪ್ಪ ಕಾರಿನಲ್ಲಿ ಕರೆದೊಯ್ಯುತ್ತಾರೆ. ಮನೆಯ ಎದುರು ನಿಲ್ಲಿಸದೆ ಬೀದಿಯ ತುದಿಯಲ್ಲಿ ಕಾರು ನಿಲ್ಲಿಸಿ ಕಡಲೆ ತಿನ್ನುತ್ತ ಕೂರುತ್ತಾರೆ.

ನಳಿನಾಕ್ಷಿಯದು ಒಂದು ಕ್ರಮ. ಯಂತ್ರ ತೆರೆದೊಡನೆ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿ ಮನೆಯಾಕೆಯ ಕೈಗೆ ಕೊಡುತ್ತಾರೆ. ಕೆಲಸ ಮುಗಿಯುವ ತನಕ ಅದು ಆಕೆಯ ಮಡಿಲಲ್ಲೇ ಇರಬೇಕು. "ಮನೆಯ ಗುಟ್ಟೆಲ್ಲ ಇರೋದು ಅದರಲ್ಲಿ. ನಂಗೆ ಅದು ಬೇಡ. ಉಳಿದದ್ದು ಬರೀ ತಗಡು, ಸ್ಕ್ರೂ."

ಈ ಕ್ರಮ ಹೆಚ್ಚು ಬೆಲೆ ಬಾಳಿದ್ದು ಈಚೆಗೆ ಹತ್ತಿರದ ಊರು ಖತೀಫಿನ ಒಂದು ಮನೆಯಲ್ಲಿ.

ಖರ್ಜೂರದ ತೋಟಗಳ ಅಂಚಿನ ಹಳೆಯ ಮನೆಯೊಂದರ ನೆಲ ಅಂತಸ್ತಿನಲ್ಲಿ ಬಾಡಿಗೆಗಿರುವ ಉಮ್ಮೆ ಕುಲ್ಸುಮ್ ಉಳ್ಳಾಲದ ಹೆಣ್ಣುಮಗಳು. ಗಂಡ ನೌಶಾದ್ ಸಮುದ್ರದ ನಡುವಿನ ತೈಲಬಾವಿಯಲ್ಲಿ ಕೆಲಸಗಾರ. ಹೋದರೆ ವಾರಗಟ್ಟಲೆ ಬರುವುದಿಲ್ಲ. ಕುಲ್ಸುಮ್ ಮದುವೆಗಳಲ್ಲಿ ಹೆಂಗಸರ ಸಭಾಂಗಣದ ವಿಡಿಯೋ ತೆಗೆದು, ಮನೆಯಲ್ಲಿ ಕೂತು ಜೋಡಿಸಿ ಚಿತ್ರ ಮಾಡಿಕೊಡುತ್ತಾರೆ. ಆ ಸಭಾಂಗಣಕ್ಕೆ ಗಂಡಸರಿಗೆ ಪ್ರವೇಶವಿಲ್ಲ. ಬಂದ ಹೆಂಗಸರ ಫೋನುಗಳನ್ನೂ ಬಾಗಿಲಲ್ಲೇ ತೆಗೆದಿಡುತ್ತಾರೆ. ಒಳಗೆ ಹೋಗುವುದು ಕುಲ್ಸುಮ್ ಅವರ ಕ್ಯಾಮೆರಾ ಒಂದೇ. ಅದರಲ್ಲಿ ಬಂದದ್ದನ್ನು ಪರಗಂಡಸರು ನೋಡಬಾರದು ಎಂಬ ಮಾತಿನ ಮೇಲೆ ಈ ಕೆಲಸ ನಿಂತಿದೆ.

ಇಷ್ಟು ದಿನ ಪರಿಚಯದ ಮಲಯಾಳಿ, ಬ್ಯಾರಿ ಮನೆಗಳದ್ದೇ ಮದುವೆ. ಈ ಸಲ ಮೊದಲ ಬಾರಿ ಊರಿನ ಸೌದಿ ಮನೆತನವೊಂದು ಕರೆದಿತ್ತು. ಮದುಮಗಳ ತಾಯಿಯನ್ನು ಎಲ್ಲರೂ ಹಿರಿಯ ಮಗನ ಹೆಸರು ಹಿಡಿದು ಉಮ್ಮು ಫಾರಿಸ್, ಫಾರಿಸನ ತಾಯಿ, ಎಂದು ಕರೆಯುತ್ತಾರೆ. ಮದುಮಗಳ ಅಜ್ಜಿ ಹಾಸಿಗೆ ಹಿಡಿದಿದ್ದರಿಂದ ಮದುವೆಗೆ ಬಂದಿರಲಿಲ್ಲ. ಶುಕ್ರವಾರ ಮದುಮಗಳು ಗಂಡನೊಂದಿಗೆ ಕೆನಡಾಕ್ಕೆ ಹೊರಡುವವಳು. ಅಷ್ಟರೊಳಗೆ ಅಜ್ಜಿ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮದುವೆ ನೋಡಬೇಕು ಎಂಬುದಷ್ಟೇ ಆ ಮನೆಯವರ ಆಸೆ.

ಕುಲ್ಸುಮ್ ಅವರ ಕಂಪ್ಯೂಟರ್ ಹಳೆಯದು. ನೌಶಾದ್ ಮದುವೆಯ ಹೊಸತರಲ್ಲಿ ಮಂಗಳೂರಿನಿಂದ ಲಗೇಜಿನಲ್ಲಿ ತಂದದ್ದು. ಹೊಸ ಕ್ಯಾಮೆರಾದ ಚಿತ್ರಗಳ ಭಾರಕ್ಕೆ ಅದು ಹೆಜ್ಜೆಹೆಜ್ಜೆಗೂ ನಿಲ್ಲುತ್ತಿತ್ತು. ಚಿತ್ರಗಳನ್ನು ಸ್ಕ್ರೀನಿಗೆ ಸಿದ್ಧಪಡಿಸುವ ಗ್ರಾಫಿಕ್ಸ್ ಕಾರ್ಡ್ ಬದಲಿಸಿದರೆ ಸರಿಯಾಗುತ್ತದೆಂದು, ಡಿಸ್ಕ್ ತೆಗೆದಿಟ್ಟು, ನೌಶಾದ್ ಯಂತ್ರವನ್ನು ದಮ್ಮಾಮಿನ ಅಂಗಡಿಗೆ ಒಯ್ದರು. ಅಂಗಡಿಯ ಫವಾಝ್, ಕಾಸರಗೋಡಿನವರು, ಹೊಸ ಕಾರ್ಡ್ ಹಾಕಿ ಚಿತ್ರ ಬರುವುದನ್ನು ತೋರಿಸಿಯೇ ಕೊಟ್ಟರು. ಮರುದಿನ ನೌಶಾದ್ ಸಮುದ್ರಕ್ಕೆ ಹೋದರು. ಕುಲ್ಸುಮ್ ಮನೆಯಲ್ಲಿ ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು.

ನಳಿನಾಕ್ಷಿ ಮೊದಲ ಸಲ ಹೋದಾಗ ಮಾಡಬೇಕಾದ್ದೆಲ್ಲ ಮಾಡಿದರು. ಕೇಬಲ್ ಹೊಸ ಕಾರ್ಡಿಗೇ ಸಿಕ್ಕಿಸಿದೆಯೇ ನೋಡಿದರು. ಕಾರ್ಡ್ ಬಿಚ್ಚಿ, ಅಂಚನ್ನು ರಬ್ಬರಿನಿಂದ ಉಜ್ಜಿ, ಕ್ಲಿಕ್ ಎನ್ನುವಂತೆ ಒತ್ತಿದರು. ಒಳಗಿನ ಪುಟ್ಟ ಬ್ಯಾಟರಿ ತೆಗೆದು ಹಾಕಿ ಯಂತ್ರದ ಹಳೆಯ ನೆನಪು ಅಳಿಸಿದರು. ಹಳೆಯ ಕಾರ್ಡ್ ಹಾಕಿದರೆ ಚಿತ್ರ ಬಂತು. ಹೊಸದು ಹಾಕಿದರೆ ಕಪ್ಪು. "ಕಾರ್ಡೇ ಸತ್ತದ್ದು," ಎಂದು ತೀರ್ಪು ಕೊಟ್ಟು, ಅದನ್ನು ಕೊರಗಪ್ಪನವರ ಕೈಲಿ ಅಂಗಡಿಗೆ ಕಳಿಸಿದರು.

ಫವಾಝ್ ಅದನ್ನು ತಮ್ಮ ಯಂತ್ರಕ್ಕೆ ಹಾಕಿ ತೋರಿಸಿದರು. ನಿಚ್ಚಳ ಚಿತ್ರ. "ಕೊರಗಪ್ಪಣ್ಣ, ಇದಕ್ಕೆ ನಿಮಗಿಂತ ಹೆಚ್ಚು ಜೀವ ಉಂಟು. ಮೇಡಂಗೆ ಒಂದು ಕನ್ನಡಕ ತೆಗೆಸಿಕೊಡಿ," ಎಂದರಂತೆ. ಡಿಸ್ಕ್ ತೆಗೆದಿಟ್ಟು ಇಡೀ ಯಂತ್ರವನ್ನೇ ಕೊರಗಪ್ಪನವರ ಕೈಲಿ ಕಳಿಸಿದರೆ ಅಲ್ಲಿ ಅದೂ ಓಡಿತು. ಮನೆಗೆ ತಂದರೆ ಮತ್ತೆ ಕಪ್ಪು.

ಅತ್ತ ಮದುಮಗಳ ಮನೆಯ ಹೆಂಗಸರಲ್ಲಿ ಗುಸುಗುಸು ಶುರುವಾಗಿತ್ತು. ಆಗದಿದ್ದರೆ ಯಾವುದಾದರೂ ಸ್ಟುಡಿಯೋಗೆ ಕೊಟ್ಟುಬಿಡಿ ಎಂದು ಒಬ್ಬರು, ಅಲ್ಲಿ ಕೂರುವುದೆಲ್ಲ ಗಂಡಸರೇ ಎಂದು ಇನ್ನೊಬ್ಬರು. ಉಮ್ಮು ಫಾರಿಸ್ ಫೋನಿನಲ್ಲಿ ಬೈಯಲಿಲ್ಲ. ಬುಧವಾರದವರೆಗೆ ಕಾಯುತ್ತೇನೆ ಎಂದಷ್ಟೇ ಹೇಳಿದರು. ಕುಲ್ಸುಮ್‌ಗೆ ಬೈಗುಳಕ್ಕಿಂತ ಅದೇ ಭಾರವಾಯಿತು.

ಮಂಗಳವಾರ ಮಧ್ಯಾಹ್ನ ನಳಿನಾಕ್ಷಿ ಮತ್ತೆ ಹೋದರು.

"ಅಕ್ಕ, ಇದಕ್ಕೆ ಕಣ್ಣುದೃಷ್ಟಿ ತಾಗಿದೆಯಾ ಎಂತ? ಅಲ್ಲಿ ನಗ್ತದೆ, ಇಲ್ಲಿ ಮುಖ ಗಂಟು ಹಾಕ್ತದೆ," ಎಂದರು ಕುಲ್ಸುಮ್. ಡಿಸ್ಕನ್ನು ದುಪಟ್ಟಾದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು.

"ಯಂತ್ರ ಸರಿ ಉಂಟು, ಕಾರ್ಡೂ ಸರಿ ಉಂಟು. ಹಾಗಾದ್ರೆ ಕಳ್ಳ ನಿನ್ನ ಮನೆಯೊಳಗೇ ಇದ್ದಾನೆ ಮಾರಾಯ್ತಿ."

"ಇಲ್ಲಿ ಇರೋ ಗಂಡಸು ಒಬ್ಬನೇ. ಅವನೂ ಸಮುದ್ರದಲ್ಲಿ."

ಮತ್ತೊಂದು ಸ್ಕ್ರೀನ್ ಹಾಕಿ ನೋಡಿದರು, ಕೇಬಲ್ ಬದಲಿಸಿದರು. ಕಪ್ಪು. ಎರಡು ಗಂಟೆ ಕಳೆಯಿತು. ನಳಿನಾಕ್ಷಿಗೆ ಆ ಹೊತ್ತಿನ ನೆನಪು ಈಗಲೂ ಹಿತವಲ್ಲ. "ಅವಳು ಎಂತದ್ದೂ ಕೇಳ್ತಾ ಇರ್ಲಿಲ್ಲ. ಕೇಳಿದ್ರೆ ಆಗ್ತಿತ್ತು. ಸುಮ್ಮನೆ ನನ್ನ ಕೈ ನೋಡ್ತಾ ಇದ್ಳು."

ಕಡೆಗೆ ಕುಲ್ಸುಮ್ ಎದ್ದರು. "ಬಿಡಿ ಅಕ್ಕ. ಚಾ ಕುಡಿದು ಹೋಗಿ." ಮೇಜಿನ ಮೇಲಿದ್ದ ಕರೆಂಟಿನ ಕೆಟಲ್ ಎತ್ತಿಕೊಂಡು ಹೊರಗೆ ನಡೆದರು.

"ಅದನ್ನೆಲ್ಲಿಗೆ ಹೊರ್ತೀ? ಇಲ್ಲೇ ಪ್ಲಗ್ ಉಂಟಲ್ಲ."

"ಇಲ್ಲಿಯಾ? ಇಲ್ಲಿ ಇಟ್ರೆ ನಾಳೆ ಬೆಳಿಗ್ಗೆ ಸುಬಹಿ ನಮಾಜಿಗೆ ಕುದೀತದೆ. ನಮ್ಮ ಉಮ್ಮ ಊರಿಂದ ಕೊಟ್ಟ ಕೆಟಲ್ ಇದು, ಮಹಾ ಸೋಮಾರಿ. ಆಚೆ ವಾಷಿಂಗ್ ಮಿಷನ್ ಹತ್ರ ಇಟ್ರೆ ಮಾತ್ರ ಪುರ್ರ್ ಅಂತ ಕುದೀತದೆ."

ನಳಿನಾಕ್ಷಿಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು.

ಅವರು ನೆಲಕ್ಕೆ ಬಗ್ಗಿ, ಕಂಪ್ಯೂಟರಿಗೆ ಕರೆಂಟು ಕೊಡುತ್ತಿದ್ದ ಎಕ್ಸ್‌ಟೆನ್ಶನ್ ಬೋರ್ಡಿನ ವಯರು ಹಿಡಿದು ಮಂಚದ ಹಿಂದಕ್ಕೆ ತೆವಳಿದರು. ಯಾವ ದೇಶದ ಪಿನ್ನನ್ನಾದರೂ ನುಂಗುವ ತೂತುಗಳ ಬೋರ್ಡ್ ಅದು. ಗಲ್ಫಿನ ಪ್ರತಿ ಮನೆಯಲ್ಲೂ ಇರುವಂಥದ್ದು. ಆದರೆ ಗೋಡೆಯಲ್ಲಿದ್ದದ್ದು ಎರಡು ಚಪ್ಪಟೆ ಪಿನ್ನಿನ ಪುಟ್ಟ ಸಾಕೆಟ್. ಹಜಾರಕ್ಕೆ ಹೋಗಿ ವಾಷಿಂಗ್ ಮಿಷನ್ ಹಿಂದೆ ನೋಡಿದರೆ ಮೂರು ದಪ್ಪ ಪಿನ್ನಿನ ಸಾಕೆಟ್. ಮೀಟರ್ ಇಟ್ಟು ಅಳೆದರು. ಕೋಣೆಯಲ್ಲಿ ಸಿಗುವ ವೋಲ್ಟೇಜು ಹಜಾರದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಇಲ್ಲಿನ ಹಳೆಯ ಮನೆಗಳಲ್ಲಿ ಎರಡು ಬಗೆಯ ಕರೆಂಟು ಹರಿಯುತ್ತದೆ. ದೊಡ್ಡ ಯಂತ್ರಗಳಿಗೆ ಒಂದು, ದೀಪ, ರೇಡಿಯೋಗಳಿಗೆ ಇನ್ನೊಂದು. ನಮ್ಮ ಊರಿನಲ್ಲಿ ಯಾವ ಗೋಡೆಗೆ ಚುಚ್ಚಿದರೂ ಒಂದೇ. ಅದೇ ಅಭ್ಯಾಸದಲ್ಲಿ ಬಂದವರು ಬೋರ್ಡ್ ಸಿಕ್ಕಿಸಿ ಮರೆತುಬಿಡುತ್ತಾರೆ. ಮಂಗಳೂರಿನ ಕಂಪ್ಯೂಟರಿನ ಪವರ್ ಡಬ್ಬಿ ಊರಿನ ಕರೆಂಟಿಗೆ ಮಾಡಿದ್ದು. ಹಳೆಯ ಕಾರ್ಡಿನ ಜೊತೆ ಅದು ಅರೆಹೊಟ್ಟೆಯಲ್ಲಿ ಹೇಗೋ ದಿನ ದೂಡುತ್ತಿತ್ತು. ಹೊಸ ಕಾರ್ಡಿನ ಹಸಿವು ದೊಡ್ಡದು. ಅಂಗಡಿಯಲ್ಲಿ ಪೂರ್ತಿ ಕರೆಂಟು ಸಿಕ್ಕಾಗ ಅದು ಎದ್ದು ಕೂತಿತು, ಮನೆಗೆ ಬಂದಾಗ ಮಲಗಿತು. ಫವಾಝ್ ಈ ಮನೆಯ ಗೋಡೆ ನೋಡುವಂತಿರಲಿಲ್ಲ. ನೋಡಬಹುದಾಗಿದ್ದ ನಳಿನಾಕ್ಷಿ ವಾಸಿಸುವುದೂ ದುಡಿಯುವುದೂ ಹೊಸ ಕಟ್ಟಡಗಳಲ್ಲಿ. "ಇಷ್ಟು ಮನೆಗೆ ಹೋಗಿದ್ದೇನೆ, ಗೋಡೆ ನೋಡಿದ್ದೇ ಇಲ್ಲ. ಕೆಟಲ್ ಹೇಳಿದ ಮೇಲೆ ಗೊತ್ತಾದದ್ದು ನಂಗೆ!"

ಉದ್ದ ವಯರು ಎಳೆದು ನೆಲದ ಮೇಲೆ ಬಿಡಲು ಅವರು ಒಪ್ಪಲಿಲ್ಲ. ಎಡವಿದರೆ ಮತ್ತೊಂದು ಕತೆ. ಇಬ್ಬರೂ ಸೇರಿ ಮೇಜನ್ನೇ ಹಜಾರಕ್ಕೆ ಜರುಗಿಸಿದರು. ಸುದ್ದಿಯೇ ಇಲ್ಲದೆ ಇಷ್ಟು ಹೊತ್ತಾಯಿತೆಂದು ಕೊರಗಪ್ಪ ಫೋನ್ ಮಾಡಿದರು.

"ಮೇಜು ಎತ್ತುತ್ತಾ ಇದ್ದೇವೆ."

"ನಾನು ಬರ್ಲಾ?"

"ಬರ್ಬೇಡಿ. ಒಳಗೆ ಮದುಮಗಳು ಇದ್ದಾಳೆ."

"ಮದುಮಗಳಾ? ಯಾವಾಗ ಬಂದದ್ದು? ನಾನು ಬೀದಿ ಕಾಯ್ತಾ ಇದ್ದೇನೆ, ಒಂದು ಬೆಕ್ಕು ಬಿಟ್ರೆ ಯಾರೂ ಹೋಗ್ಲಿಲ್ಲ!"

"ಡಿಸ್ಕಲ್ಲಿ ಇದ್ದಾಳೆ ಮಾರಾಯ್ರೆ. ಫೋನ್ ಇಡಿ."

ಹೊಸ ಕಾರ್ಡ್ ಹಾಕಿ, ದಪ್ಪ ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ, ನಳಿನಾಕ್ಷಿ ಗುಂಡಿ ಒತ್ತಿದರು. ಫ್ಯಾನಿನ ಸದ್ದೇ ಬೇರೆಯಾಗಿತ್ತು. ಸ್ಕ್ರೀನ್ ಮೊದಲು ಕಪ್ಪಾಗಿಯೇ ಇತ್ತು. ಆಮೇಲೆ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿನುಗಿತು, ಅಕ್ಷರಗಳು ಬಂದವು. ಯಂತ್ರ ಆರಿಸಿದ ಮೇಲೆ ಕುಲ್ಸುಮ್ ದುಪಟ್ಟಾದಿಂದ ಡಿಸ್ಕ್ ಬಿಚ್ಚಿ ಕೊಟ್ಟರು. ನಳಿನಾಕ್ಷಿ ಅದನ್ನು ಜೋಡಿಸಿ ಮತ್ತೆ ಗುಂಡಿ ಒತ್ತಿ, ಸರಿಯಾಗಿ ಓಡುತ್ತದೆಯೇ ಎಂದು ಮದುವೆಯ ಒಂದು ತುಣುಕು ಹಾಕಿ ನೋಡಿದರು. ಎಲ್ಲೂ ನಿಲ್ಲದೆ ಓಡಿತು. ಕುಲ್ಸುಮ್ ದುಪಟ್ಟಾದಲ್ಲಿ ಮುಖ ಒರೆಸಿಕೊಂಡರು. ಚಾ ಯಾರಿಗೂ ನೆನಪಾಗಲಿಲ್ಲ.

ವಾಷಿಂಗ್ ಮಿಷನ್ನಿನ ಪಕ್ಕದಲ್ಲಿ ಕೂತು ಕುಲ್ಸುಮ್ ಚಿತ್ರ ಮುಗಿಸಿದರು. ಬುಧವಾರ ಸಂಜೆ ತಾವೇ ಉಮ್ಮು ಫಾರಿಸರ ಮನೆಗೆ ಒಯ್ದು ಕೊಟ್ಟರು. ಅಜ್ಜಿ ಮೊಮ್ಮಗಳ ಕೈ ಹಿಡಿದು ಪೂರ್ತಿ ನೋಡಿದರಂತೆ. ಮುಗಿದ ಮೇಲೆ ಮೊದಲಿನಿಂದ ಮತ್ತೆ ಹಾಕಿಸಿದರಂತೆ. ಉಮ್ಮು ಫಾರಿಸ್ ಕುಲ್ಸುಮ್‌ರ ಹಣೆಗೆ ಮುತ್ತಿಟ್ಟು, ತಂಗಿಯ ಮಗಳ ಮದುವೆಗೂ ನೀನೇ ಬಾ ಎಂದರು. ಶುಕ್ರವಾರ ಮದುಮಗಳು ಹೊರಟಳು.

ಆ ದಿನದ ನಂತರ ನಳಿನಾಕ್ಷಿ ಯಾವ ಮನೆಗೆ ಹೋದರೂ ಮೊದಲು ಡಿಸ್ಕ್ ಬಿಚ್ಚಿ ಕೊಡುತ್ತಾರೆ, ಆಮೇಲೆ ಮಂಚದ ಹಿಂದೆ ಬಗ್ಗುತ್ತಾರೆ. ಕತ್ತಿನ ನೋವು ಹಳೆಯದು. ಶಾಲೆಯ ಮೇಜುಗಳ ಕೆಳಗೆ ನುಸುಳಿ ನುಸುಳಿ ಬಂದದ್ದು. ಕತ್ತಿಗೆ ಬೆಲ್ಟ್ ಹಾಕಿಕೊಳ್ಳಿ ಎಂದಿದ್ದಾರೆ ಡಾಕ್ಟರು. "ಬೆಲ್ಟ್ ಹಾಕಿದ್ರೆ ಬಗ್ಗಲಿಕ್ಕೆ ಆಗ್ಬೇಕಲ್ಲ," ಎನ್ನುತ್ತಾರೆ. ಹೆಂಗಸರಿಗೇ ರಿಪೇರಿ ಕಲಿಸುವ ಒಂದು ಸಣ್ಣ ಕೋಣೆ ಆಗಬೇಕೆಂಬ ಆಸೆ ಉಂಟು. ಮೊದಲ ಪಾಠ ಗೋಡೆಯದ್ದೇ ಅಂತೆ.

ಇವತ್ತು ಶಾಲೆ ಬಿಟ್ಟ ಮೇಲೆ ಇನ್ನೊಂದು ಮನೆ. ಕಾರು ಖತೀಫಿನ ದಾರಿ ಹಿಡಿದಿದೆ. ನಳಿನಾಕ್ಷಿ ಮೀಟರಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ.

"ಅಷ್ಟೆಲ್ಲ ಒದ್ದಾಡಿ ಸರಿಮಾಡಿದ್ಳಲ್ಲ, ಮದುಮಗಳು ಹೇಗಿದ್ಳು ಅಂತ ಕೇಳಿದ್ರೆ ನಂಗೆ ಇವತ್ತಿನವರೆಗೆ ಹೇಳ್ಲಿಲ್ಲ ಇವಳು," ಎಂದು ಹಿಂದೆ ಕೂತ ನನ್ನಲ್ಲಿ ದೂರುತ್ತಾರೆ ಕೊರಗಪ್ಪ. "ನಾನು ಕಟ್ಟಿಕೊಂಡ ಗಂಡ. ನಂಗಾದ್ರೂ ಹೇಳ್ಬಹುದಲ್ವಾ? ಕೇಳಿ ನೀವೇ."

ನಳಿನಾಕ್ಷಿ ಕಿಟಕಿಯಾಚೆ ನೋಡುತ್ತಾರೆ.

"ಕಲರ್ ಸರಿ ಬರ್ತಾ ಇತ್ತು," ಎನ್ನುತ್ತಾರೆ.